ಹಳೆಯ ಪೊಲೀಸ್ ರಿವಾಲ್ವರ್‌ಗಳು: ದೊಡ್ಡ ಫ್ರೇಮಿನ ಸೇವಾ ಆಯುಧಗಳ ಸಂಗ್ರಹ ಮತ್ತು ಶೂಟಿಂಗ್

19ನೆಯ ಶತಮಾನದ ಉತ್ತರಾರ್ಧದಿಂದ 20ನೆಯ ಶತಮಾನದ ಮಧ್ಯಭಾಗದವರೆಗೆ ಐರ್ಲೆಂಡ್, ಬ್ರಿಟನ್, ಕೆನಡಾ, ಅಮೆರಿಕಗಳ ಪೊಲೀಸರಲ್ಲಿ ಕೆಲವರು ಸೊಂಟಕ್ಕೆ ಕಟ್ಟಿಕೊಂಡಿದ್ದ ಭಾರವಾದ ರಿವಾಲ್ವರ್‌ಗಳನ್ನು ದೊಡ್ಡ ಫ್ರೇಮಿನ ಸೇವಾ ರಿವಾಲ್ವರ್‌ಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವು .44, .45 ಅಥವಾ .455 ಇಂಚಿನ ದಪ್ಪ ಗುಂಡು ಹಾರಿಸುವಂಥವು. ಕೆಲವು ಮಾತ್ರ .38ರ ಸಣ್ಣ ಗುಂಡನ್ನೇ ಹೆಚ್ಚಿನ ಒತ್ತಡದಲ್ಲಿ ಹಾರಿಸಲೆಂದು ದೊಡ್ಡದಾಗಿ ಮಾಡಿದಂಥವು. ಇಂದು ಇವು ಬಹುಪಾಲು ಸೇವೆಯಿಂದ ನಿವೃತ್ತವಾಗಿ ವಸ್ತುಸಂಗ್ರಹಾಲಯಗಳಲ್ಲಿ, ಖಾಸಗಿ ಸಂಗ್ರಹಗಳಲ್ಲಿ ಮತ್ತು ಕಾನೂನು ಅನುಮತಿಸುವ ದೇಶಗಳ ಶೂಟಿಂಗ್ ಮೈದಾನಗಳಲ್ಲಿ ಉಳಿದಿವೆ. ಸರ್ಕಾರಿ ನೌಕರನಿಗೆ ಸೇವಾ ಪುಸ್ತಕ ಇರುವ ಹಾಗೆ ಇಂಥ ರಿವಾಲ್ವರ್ ತನ್ನ ಸೇವೆಯ ದಾಖಲೆಯನ್ನು ಮೈಮೇಲೆಯೇ ಹೊತ್ತಿರುತ್ತದೆ. ಇಲಾಖೆಯ ಮುದ್ರೆ, ಕ್ರಮಸಂಖ್ಯೆ, ದುರಸ್ತಿಯ ಗುರುತು, ಚರ್ಮದ ಚೀಲದಲ್ಲಿ ಉಜ್ಜಿ ಉಜ್ಜಿ ಹೋದ ಬಣ್ಣ ಇವೆಲ್ಲವೂ ಆ ದಾಖಲೆಯ ಭಾಗ. ಆದ್ದರಿಂದ ಈ ಕ್ಷೇತ್ರದಲ್ಲಿ ಹೊಳೆಯುವ ಆಯುಧಕ್ಕಿಂತ ತಿದ್ದದೆ ಉಳಿದ ಆಯುಧಕ್ಕೆ ಬೆಲೆ ಹೆಚ್ಚು.

ಫ್ರೇಮಿನ ಗಾತ್ರ ಮತ್ತು ಅದರ ಕಾರಣ

ರಿವಾಲ್ವರಿನ ಫ್ರೇಮ್ ಎಂದರೆ ಬ್ಯಾರೆಲ್, ಸಿಲಿಂಡರ್, ಟ್ರಿಗರಿನ ಯಂತ್ರಭಾಗ ಮತ್ತು ಹಿಡಿ ಇಷ್ಟನ್ನೂ ಹೊತ್ತ ಲೋಹದ ಚೌಕಟ್ಟು. ಅದರ ಗಾತ್ರವನ್ನು ತೀರ್ಮಾನಿಸುವುದು ಸಿಲಿಂಡರ್. ಸಿಲಿಂಡರಿನ ಗಾತ್ರವನ್ನು ತೀರ್ಮಾನಿಸುವುದು ತೋಟಾ. .45ರ ಆರು ತೋಟಾಗಳನ್ನು ವೃತ್ತಾಕಾರವಾಗಿ ಜೋಡಿಸಿ, ನಡುನಡುವೆ ಸ್ಫೋಟದ ಒತ್ತಡ ತಾಳುವಷ್ಟು ಉಕ್ಕು ಉಳಿಸಬೇಕಾದರೆ ಸಿಲಿಂಡರ್ ದಪ್ಪವಾಗಲೇಬೇಕು. ಅದನ್ನು ಒಳಗೊಳ್ಳುವ ಕಿಂಡಿಯೂ ಅದಕ್ಕೆ ತಕ್ಕಷ್ಟು ಅಗಲವಾಗಬೇಕು. ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಫ್ರೇಮುಗಳನ್ನು ಅಕ್ಷರಗಳಿಂದ ಗುರುತಿಸುತ್ತದೆ. ಜೆ ಸಣ್ಣದು, ಕೆ ಮಧ್ಯಮ, ಎನ್ ದೊಡ್ಡದು. ಸಾಮಾನ್ಯ ಪೊಲೀಸ್ ಪೇದೆಯ .38 ರಿವಾಲ್ವರ್ ಕೆ ಫ್ರೇಮಿನದು. ತೂಕ ಹೆಚ್ಚುಕಡಿಮೆ 900 ಗ್ರಾಂ. ಎನ್ ಫ್ರೇಮಿನದಾಗಲಿ, ಕೋಲ್ಟ್ ಕಂಪನಿಯ ನ್ಯೂ ಸರ್ವಿಸ್ ಆಗಲಿ ಒಂದು ಕಿಲೋ ದಾಟುತ್ತದೆ.

ಈ ತೂಕದಿಂದ ಲಾಭವೂ ಇದೆ, ನಷ್ಟವೂ ಇದೆ. ಭಾರವಾದ ರಿವಾಲ್ವರ್ ಕೈಯನ್ನು ಕಡಿಮೆ ಒದೆಯುತ್ತದೆ. ಹಾಗಾಗಿ ಎರಡನೆಯ ಈಡಿಗೆ ಬೇಗ ಗುರಿ ಹಿಡಿಯಬಹುದು. ಆದರೆ ದಪ್ಪ ಸಿಲಿಂಡರ್ ವೇಗವಾಗಿ ತಿರುಗಿ ತಟ್ಟನೆ ನಿಲ್ಲುವಾಗ, ಅದನ್ನು ತಡೆಯುವ ಚಿಲಕಕ್ಕೂ ಸಿಲಿಂಡರಿನ ಮೇಲಿನ ಕಚ್ಚುಗಳಿಗೂ ಜೋರು ಪೆಟ್ಟು ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಬಳಸಿದ ಆಯುಧದಲ್ಲಿ ಕಚ್ಚಿನ ಅಂಚು ತಗ್ಗಿ ಸಿಲಿಂಡರ್ ಅಲುಗಾಡತೊಡಗುತ್ತದೆ. ದಿನವಿಡೀ ಸೊಂಟದಲ್ಲಿ ಹೊತ್ತು ತಿರುಗುವವನಿಗಂತೂ ಆ ತೂಕ ಹೊರೆಯೇ. ಹೀಗಾಗಿ ನಗರದ ಬೀದಿಗಳಲ್ಲಿ ನಡೆದು ಗಸ್ತು ತಿರುಗುವ ಪೊಲೀಸರಲ್ಲಿ ಮಧ್ಯಮ ಫ್ರೇಮು ನೆಲೆಯಾಯಿತು. ಕುದುರೆ, ಮೋಟಾರ್ ಸೈಕಲ್, ಕಾರುಗಳ ಮೇಲೆ ದೂರ ಓಡಾಡುವ ರಾಜ್ಯ ಪೊಲೀಸ್, ಗಡಿ ಪೊಲೀಸ್ ಮತ್ತು ಹೆದ್ದಾರಿ ಪೊಲೀಸರಲ್ಲಿ ದೊಡ್ಡ ಫ್ರೇಮು ಹೆಚ್ಚು ಕಾಲ ಬಾಳಿತು.

ಐರ್ಲೆಂಡ್ ಮತ್ತು ಬ್ರಿಟನ್

ಪೊಲೀಸರ ಹೆಸರನ್ನೇ ಹೊತ್ತು ಮಾರುಕಟ್ಟೆಗೆ ಬಂದ ದೊಡ್ಡ ರಿವಾಲ್ವರುಗಳಲ್ಲಿ ಮೊದಲು ಹೇಳಬೇಕಾದದ್ದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ಆರ್‌ಐಸಿ ಮಾದರಿ. 1868ರಲ್ಲಿ ರಾಯಲ್ ಐರಿಷ್ ಕಾನ್‌ಸ್ಟ್ಯಾಬ್ಯುಲರಿ ಇದನ್ನು ಒಪ್ಪಿಕೊಂಡ ಕಾರಣ ದಳದ ಹೆಸರೇ ಮಾದರಿಯ ಹೆಸರಾಯಿತು. ಗಟ್ಟಿ ಫ್ರೇಮು, ಗಿಡ್ಡ ಬ್ಯಾರೆಲ್, .442ರ ದಪ್ಪ ತೋಟಾ ಇದರ ಲಕ್ಷಣಗಳು. ಬಲಬದಿಯ ಸಣ್ಣ ಬಾಗಿಲು ತೆರೆದು ತೋಟಾಗಳನ್ನು ಒಂದೊಂದಾಗಿ ತುಂಬಬೇಕು; ಸುಟ್ಟ ಕವಚಗಳನ್ನೂ ಕಡ್ಡಿಯಿಂದ ತಳ್ಳಿ ಒಂದೊಂದಾಗಿ ತೆಗೆಯಬೇಕು. ಬ್ರಿಟಿಷ್ ವಸಾಹತುಗಳಲ್ಲಿ ಇದು ಚೆನ್ನಾಗಿ ಮಾರಾಟವಾಯಿತು. 1880ರ ದಶಕದಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರೂ ವೆಬ್ಲಿಯ .450 ರಿವಾಲ್ವರ್‌ಗಳನ್ನು ತರಿಸಿಕೊಂಡರು. ಆದರೆ ಅಲ್ಲಿ ಪೇದೆ ಆಯುಧವಿಲ್ಲದೆ ಗಸ್ತು ತಿರುಗುವ ಪದ್ಧತಿಯೇ ಮುಂದುವರಿಯಿತು.

1887ರಲ್ಲಿ ಬ್ರಿಟಿಷ್ ಸೇನೆ ವೆಬ್ಲಿಯ ಮಾರ್ಕ್ 1 ರಿವಾಲ್ವರನ್ನು ಸ್ವೀಕರಿಸಿತು. ಮೇಲ್ಭಾಗದ ಕೊಂಡಿ ಒತ್ತಿ ಬ್ಯಾರೆಲನ್ನು ಕೆಳಕ್ಕೆ ಬಾಗಿಸಿದರೆ ಆರೂ ಕವಚಗಳು ಒಟ್ಟಿಗೆ ಹೊರಕ್ಕೆ ಚಿಮ್ಮುತ್ತವೆ. ಕುದುರೆಯ ಮೇಲೆ ಕುಳಿತವನಿಗೂ ಕತ್ತಲಲ್ಲಿ ತಡಕಾಡುವವನಿಗೂ ಇದೊಂದು ದೊಡ್ಡ ಅನುಕೂಲ. ಇದೇ ಸರಣಿಯ ಕೊನೆಯ .455 ಸೇನಾ ಮಾದರಿ 1915ರ ಮಾರ್ಕ್ 6. ಮೊದಲ ಮಹಾಯುದ್ಧ ಮುಗಿದ ಮೇಲೆ ಇದು ಸಾಮ್ರಾಜ್ಯದ ಹಲವು ಪೊಲೀಸ್ ದಳಗಳ ಕೈಗೂ ಬಂತು. 1930ರ ದಶಕದಲ್ಲಿ ಸೇನೆ .38ರ ಹಗುರ ರಿವಾಲ್ವರುಗಳಿಗೆ ಬದಲಾದಾಗ ಪೊಲೀಸರೂ ಕ್ರಮೇಣ ಅದೇ ದಾರಿ ಹಿಡಿದರು.

ಕೆನಡಾ ಮತ್ತು ಅಮೆರಿಕ

ಕೋಲ್ಟ್ ಕಂಪನಿ ನ್ಯೂ ಸರ್ವಿಸ್ ಮಾದರಿಯನ್ನು 1898ರಲ್ಲಿ ಹೊರತಂದಿತು. ಸಿಲಿಂಡರ್ ಎಡಕ್ಕೆ ಹೊರಳಿ ತೆರೆದುಕೊಳ್ಳುವ ಈ ರಿವಾಲ್ವರ್ ಎರಡನೆಯ ಮಹಾಯುದ್ಧದ ಕಾಲದವರೆಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಕೆನಡಾದ ನಾರ್ತ್-ವೆಸ್ಟ್ ಮೌಂಟೆಡ್ ಪೊಲೀಸರು ಮೊದಲು ಆಡಮ್ಸ್, ಬಳಿಕ ಎನ್‌ಫೀಲ್ಡ್ ರಿವಾಲ್ವರ್ ಬಳಸುತ್ತಿದ್ದರು. 1904ರಲ್ಲಿ ದಳಕ್ಕೆ 'ರಾಯಲ್' ಎಂಬ ಬಿರುದು ಬಂತು. ಅದೇ ಸುಮಾರಿಗೆ ದಳ .455ರ ನ್ಯೂ ಸರ್ವಿಸನ್ನು ಆರಿಸಿಕೊಂಡಿತು. 1920ರಲ್ಲಿ ಅದು ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ ಆದ ಮೇಲೂ ಕೋಲ್ಟ್ ಉಳಿಯಿತು. .38ರ ಸ್ಮಿತ್ ಅಂಡ್ ವೆಸನ್ ಅದರ ಜಾಗಕ್ಕೆ ಬಂದದ್ದು 1954ರಲ್ಲಿ. ದಳದ ಅಕ್ಷರಗಳ ಮುದ್ರೆಯುಳ್ಳ ಕೋಲ್ಟ್‌ಗಳು ಇಂದು ಸಂಗ್ರಹಕಾರರು ಹುಡುಕಿಕೊಂಡು ಹೋಗುವ ವಸ್ತುಗಳು.

1917ರಲ್ಲಿ ಹುಟ್ಟಿದ ನ್ಯೂಯಾರ್ಕ್ ರಾಜ್ಯ ಪೊಲೀಸ್ ದಳ .45ರ ನ್ಯೂ ಸರ್ವಿಸನ್ನು ಹಿಡಿಯಿತು. ದಳದ ಮೊದಲ ಮುಖ್ಯಸ್ಥ ಜಾರ್ಜ್ ಫ್ಲೆಚರ್ ಚಾಂಡ್ಲರ್, ಆಯುಧವನ್ನು ಕೋಟಿನ ಒಳಗೆ ಬಚ್ಚಿಡುವ ಬದಲು ಸಮವಸ್ತ್ರದ ಹೊರಗೆ ಬೆಲ್ಟಿಗೆ ಕಟ್ಟಬೇಕೆಂದವರು. ಆ ಕಾಲಕ್ಕೆ ಅದು ರೂಢಿಯಲ್ಲಿರಲಿಲ್ಲ. ದೊಡ್ಡ ರಿವಾಲ್ವರನ್ನು ಎಲ್ಲರಿಗೂ ಕಾಣುವಂತೆ ಹೊರುವ ಪೊಲೀಸನ ಚಿತ್ರ ಇಂಥ ನಿಯಮಗಳಿಂದ ರೂಪುಗೊಂಡಿತು.

ಸ್ಮಿತ್ ಅಂಡ್ ವೆಸನ್ ಕಂಪನಿ 1908ರಲ್ಲಿ .44 ಸ್ಪೆಷಲ್ ತೋಟಾಕ್ಕಾಗಿ ತನ್ನ ಮೊದಲ ಎನ್ ಫ್ರೇಮ್ ರಿವಾಲ್ವರನ್ನು ತಂದಿತು. ಸಂಗ್ರಹಕಾರರ ಬಾಯಲ್ಲಿ ಅದು 'ಟ್ರಿಪಲ್ ಲಾಕ್'. ಸಿಲಿಂಡರ್ ಮುಚ್ಚಿದಾಗ ಹಿಂದೆ ಒಂದು, ಕವಚ ತಳ್ಳುವ ಕಡ್ಡಿಯ ತುದಿಯಲ್ಲಿ ಒಂದು ಹೀಗೆ ಎರಡು ಕಡೆ ಬೀಗ ಬೀಳುವುದು ವಾಡಿಕೆ. ಇದರಲ್ಲಿ ಸಿಲಿಂಡರನ್ನು ಹೊತ್ತ ತೋಳಿನ ಬಳಿ ಮೂರನೆಯದೂ ಇತ್ತು. ಬ್ಯಾರೆಲಿನ ಕೆಳಗೆ ಕಡ್ಡಿಗೆ ಹೊದಿಕೆಯಂಥ ಕೋಶ ಇತ್ತು. ಕೈಕೆಲಸದ ನಾಜೂಕಿಗೆ ಹೆಸರಾದ ಈ ಮಾದರಿ ಸುಮಾರು 15,000 ಮಾತ್ರ ತಯಾರಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಕೊಂಡ ಬ್ರಿಟಿಷ್ ಅಧಿಕಾರಿಗಳಿಗೆ ಆ ಕೋಶದಲ್ಲಿ ಕೆಸರು ತುಂಬಿಕೊಳ್ಳುವುದರ ಚಿಂತೆ. 1915ರ ಎರಡನೆಯ ಮಾದರಿಯಲ್ಲಿ ಕೋಶವನ್ನೂ ಮೂರನೆಯ ಬೀಗವನ್ನೂ ಕೈಬಿಡಲಾಯಿತು. ಆದರೆ ಟೆಕ್ಸಸ್ ಕಡೆಯ ಗಿರಾಕಿಗಳಿಗೆ ಕೋಶ ಬೇಕಾಗಿತ್ತು. ಫೋರ್ಟ್ ವರ್ತ್ ನಗರದ ವುಲ್ಫ್ ಅಂಡ್ ಕ್ಲಾರ್ ಎಂಬ ವರ್ತಕರ ಬೇಡಿಕೆಯ ಮೇಲೆ 1926ರಲ್ಲಿ ಮೂರನೆಯ ಮಾದರಿ ಬಂತು. ಅದರಲ್ಲಿ ಕೋಶ ಮರಳಿತು, ಮೂರನೆಯ ಬೀಗ ಮರಳಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಪಿಸ್ತೂಲುಗಳ ಕೊರತೆ ಬಿದ್ದಾಗ ಎರಡೂ ಕಂಪನಿಗಳು ತಮ್ಮ ದೊಡ್ಡ ಫ್ರೇಮಿನಲ್ಲಿ ಪಿಸ್ತೂಲಿನ .45 ತೋಟಾ ಹಾರಿಸುವ 1917ರ ಮಾದರಿಯನ್ನು ತಲಾ ಒಂದೂವರೆ ಲಕ್ಷದಷ್ಟು ತಯಾರಿಸಿದವು. ಪಿಸ್ತೂಲಿನ ತೋಟಾಕ್ಕೆ ಹೊರಚಾಚಿದ ಅಂಚು ಇಲ್ಲದ್ದರಿಂದ ರಿವಾಲ್ವರಿನ ಕಡ್ಡಿ ಅದನ್ನು ಹಿಡಿದು ಹೊರತಳ್ಳಲಾರದು. ಇದಕ್ಕೆ ಪರಿಹಾರವಾಗಿ ಬಂದದ್ದು ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರಾಕಾರದ ಉಕ್ಕಿನ ಕ್ಲಿಪ್. ಯುದ್ಧಾನಂತರ ಇವುಗಳಲ್ಲಿ ಅನೇಕ ಪೊಲೀಸ್ ಠಾಣೆಗಳನ್ನು ಸೇರಿದವು.

ಮೋಟಾರು ಕಾಲದ ರಿವಾಲ್ವರ್‌ಗಳು

1920ರ ದಶಕದ ಕೊನೆಗೆ ದರೋಡೆಕೋರರು ಕಾರುಗಳಲ್ಲಿ ತಪ್ಪಿಸಿಕೊಳ್ಳತೊಡಗಿದರು. ಕಾರಿನ ತಗಡಿನ ಮೇಲೂ ಗುಂಡುನಿರೋಧಕ ಕವಚದ ಮೇಲೂ ಸಾಮಾನ್ಯ .38 ಗುಂಡು ನಿಷ್ಪ್ರಯೋಜಕ ಎಂಬ ದೂರು ಪೊಲೀಸರಿಂದ ಬಂತು. ಸ್ಮಿತ್ ಅಂಡ್ ವೆಸನ್ 1930ರಲ್ಲಿ .44ರ ದೊಡ್ಡ ಫ್ರೇಮಿನಲ್ಲಿ .38ರ ಸಿಲಿಂಡರ್ ಕೂರಿಸಿ '.38/44 ಹೆವಿ ಡ್ಯೂಟಿ' ಎಂಬ ಮಾದರಿ ತಂದಿತು. ಹಿಂದೆ ಫ್ರೇಮ್ ದೊಡ್ಡದಾದದ್ದು ಗುಂಡು ದಪ್ಪವೆಂದು. ಇಲ್ಲಿ ಒತ್ತಡ ಹೆಚ್ಚೆಂದು. ಮರುವರ್ಷ ಇದರ ಗುರಿ ಹೊಂದಿಸಬಹುದಾದ ರೂಪ 'ಔಟ್‌ಡೋರ್ಸ್‌ಮನ್' ಬಂತು.

ಅದೇ ದಾರಿಯ ಮುಂದಿನ ಹೆಜ್ಜೆ 1935ರ .357 ಮ್ಯಾಗ್ನಮ್. ಗುಂಡಿನ ವ್ಯಾಸ .38 ಸ್ಪೆಷಲಿನದೇ. ತೋಟಾದ ಕವಚ ಮಾತ್ರ ಸುಮಾರು 3 ಮಿಲಿಮೀಟರ್ ಉದ್ದ, ಹೊಸ ಶಕ್ತಿಶಾಲಿ ತೋಟಾ ಹಳೆಯ .38ರಲ್ಲಿ ಕೂರಬಾರದೆಂಬ ಉದ್ದೇಶದಿಂದ. ಮೊದಲ ಕೆಲವು ವರ್ಷ ಗಿರಾಕಿ ಕೇಳಿದ ಬ್ಯಾರೆಲ್ ಉದ್ದ, ಕೇಳಿದ ಗುರಿವ್ಯವಸ್ಥೆಯೊಂದಿಗೆ ಬಿಡಿಬಿಡಿಯಾಗಿ ತಯಾರಿಸಿ ನೋಂದಣಿ ಸಂಖ್ಯೆ ಕೊಡುತ್ತಿದ್ದರು. ಮೊದಲನೆಯದು ಹೋದದ್ದು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಅವರಿಗೆ. ಬೆಲೆ 60 ಡಾಲರ್. ಆರ್ಥಿಕ ಕುಸಿತದ ಆ ದಿನಗಳಲ್ಲಿ ಸಾಮಾನ್ಯ ಪೊಲೀಸನಿಗೆ ಎಟುಕದ ಮೊತ್ತ. ಆದರೂ ಕ್ಯಾನ್ಸಸ್ ಸಿಟಿಯ ಪೊಲೀಸ್ ಇಲಾಖೆ ಇವನ್ನು ಕೊಂಡಿತು. ಅದರ ಮುದ್ರೆಯುಳ್ಳವು ಸಂಗ್ರಹಕಾರರ ಪಟ್ಟಿಯ ಮೇಲ್ತುದಿಯಲ್ಲಿವೆ. ಯುದ್ಧದ ಬಳಿಕ 1954ರಲ್ಲಿ ಹೊಳಪು ಕಡಿಮೆ ಮಾಡಿ ಬೆಲೆ ಇಳಿಸಿದ 'ಹೈವೇ ಪಟ್ರೋಲ್‌ಮನ್', 1964ರಲ್ಲಿ, ಸ್ಯಾನ್ ಆಂಟೋನಿಯೊದಂಥ ಇಲಾಖೆಗಳು ಮುಂದೆ ಕೊಂಡ .41 ಮ್ಯಾಗ್ನಮ್ಮಿನ ಮಾದರಿ 58 ಬಂದವು. 1980ರ ದಶಕದಿಂದ ಪೊಲೀಸರು ಹೆಚ್ಚು ತೋಟಾ ಹಿಡಿಯುವ ಅರೆ-ಸ್ವಯಂಚಾಲಿತ ಪಿಸ್ತೂಲುಗಳಿಗೆ ಬದಲಾದರು. ಅಮೆರಿಕದ ಇಲಾಖೆಗಳು ಹಳೆಯ ರಿವಾಲ್ವರುಗಳನ್ನು ವರ್ತಕರಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ಮುರಿಸಿಕೊಂಡವು. ಸಂಗ್ರಹಕಾರರ ಮಾರುಕಟ್ಟೆಗೆ ಸರಕು ಹರಿದದ್ದು ಬಹುಮಟ್ಟಿಗೆ ಈ ವಿನಿಮಯದಿಂದ.

ಸಂಗ್ರಹಕಾರರ ಪರೀಕ್ಷೆ

ಒಂದು ಎನ್ ಫ್ರೇಮ್ ಸ್ಮಿತ್ ಅಂಡ್ ವೆಸನ್ ಕೈಗೆ ಬಂದರೆ ಅನುಭವಿ ಸಂಗ್ರಹಕಾರ ಮೊದಲು ನೋಡುವುದು ಸಂಖ್ಯೆಗಳನ್ನು. ಹಿಡಿಯ ತಳದಲ್ಲಿರುವ ಕ್ರಮಸಂಖ್ಯೆಯೇ ಸಿಲಿಂಡರಿನ ಹಿಂಬದಿ, ಬ್ಯಾರೆಲಿನ ಕೆಳಗಿನ ಸಮತಟ್ಟು ಭಾಗ ಮತ್ತು ಕವಚ ತಳ್ಳುವ ನಕ್ಷತ್ರಾಕಾರದ ತುಂಡಿನ ಒಳಮೈಯಲ್ಲೂ ಇರಬೇಕು. ಒಂದು ಕಡೆ ಬೇರೆ ಸಂಖ್ಯೆ ಕಂಡರೆ ಆ ಭಾಗ ಬದಲಾಗಿದೆ ಎಂದರ್ಥ. ಕ್ರಮಸಂಖ್ಯೆಯ ಬಳಿ ಸಣ್ಣ ನಕ್ಷತ್ರದ ಗುರುತಿದ್ದರೆ ಆಯುಧ ಕಾರ್ಖಾನೆಗೆ ಮರಳಿ ದುರಸ್ತಿಯಾಗಿದೆ ಎಂಬ ಸೂಚನೆ.

ನಂತರದ ಸರದಿ ಲೋಹದ ಮೈಯದು. ಹಳೆಯ ನೀಲಿ ಬಣ್ಣ ಚೀಲಕ್ಕೆ ಉಜ್ಜುವ ಬ್ಯಾರೆಲ್ ತುದಿಯಲ್ಲಿ, ಸಿಲಿಂಡರಿನ ಅಂಚಿನಲ್ಲಿ, ಅಂಗೈ ತಾಕುವ ಹಿಡಿಯ ಹಿಂಬದಿಯಲ್ಲಿ ಸವೆಯುತ್ತದೆ. ಸವೆಯಬೇಕಾದ ಕಡೆ ಸವೆಯದೆ ಮೈಯೆಲ್ಲ ಒಂದೇ ಬಣ್ಣವಿದ್ದು, ಮುದ್ರೆಯ ಅಕ್ಷರಗಳ ಅಂಚು ಮಾತ್ರ ಕರಗಿದಂತಿದ್ದರೆ ಯಾರೋ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ. ಮೈ ಸವೆದಿದ್ದೂ ಇಲಾಖೆಯ ಮುದ್ರೆ ಮಾತ್ರ ಚೂಪಾಗಿ ಎದ್ದು ಕಂಡರೆ ಮುದ್ರೆಯೇ ಖೋಟಾ ಇರಬಹುದು. ಹಗ್ಗ ಕಟ್ಟುವ ಉಂಗುರ ಕಿತ್ತಿರುವುದು, ಬ್ಯಾರೆಲ್ ಕತ್ತರಿಸಿರುವುದು, ತಪ್ಪು ಅಳತೆಯ ತಿರುಪುಳಿಯಿಂದ ಸ್ಕ್ರೂಗಳ ತಲೆ ಹರಿದಿರುವುದು ಇವೆಲ್ಲ ಬೆಲೆ ತಗ್ಗಿಸುತ್ತವೆ.

ಮುದ್ರೆಯೊಂದನ್ನೇ ನಂಬುವಂತಿಲ್ಲವಾದ್ದರಿಂದ ಕಾಗದದ ಸಾಕ್ಷಿಗೆ ಮಹತ್ವವಿದೆ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಎರಡೂ ಕಂಪನಿಗಳ ಹಳೆಯ ದಾಖಲೆಗಳ ಆಧಾರದ ಮೇಲೆ ಶುಲ್ಕ ಪಡೆದು ಪತ್ರ ಕೊಡುವ ವ್ಯವಸ್ಥೆ ಇದೆ. ಕ್ರಮಸಂಖ್ಯೆ ಕೊಟ್ಟರೆ ಆ ರಿವಾಲ್ವರ್ ಯಾವ ದಿನ, ಯಾವ ರೂಪದಲ್ಲಿ, ಯಾರಿಗೆ ಕಳುಹಿಸಲ್ಪಟ್ಟಿತು ಎಂಬುದು ಅದರಲ್ಲಿ ಬರುತ್ತದೆ. ಪತ್ರದಲ್ಲಿ ಪೊಲೀಸ್ ಇಲಾಖೆಯ ಹೆಸರಿದ್ದರೆ ಬೆಲೆ ಏರುತ್ತದೆ. ಬಹಳ ಸಲ ಸಗಟು ವರ್ತಕನ ಹೆಸರು ಮಾತ್ರ ಇರುತ್ತದೆ.

ಶೂಟಿಂಗ್

ಹಳೆಯ ಸೇವಾ ರಿವಾಲ್ವರನ್ನು ಮೈದಾನಕ್ಕೆ ಒಯ್ಯುವ ಮೊದಲು ಅದನ್ನು ಬಲ್ಲ ಕೋವಿ ಕೆಲಸಗಾರನ ಪರೀಕ್ಷೆ ಅಗತ್ಯ. ಹ್ಯಾಮರ್ ಎತ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರಿನಲ್ಲಿ ತೋಟಾ ಕೂರುವ ಪ್ರತಿ ಕೋಣೆಯೂ ಬ್ಯಾರೆಲಿಗೆ ಸರಿಯಾಗಿ ಎದುರಾಗಿ ಬೀಗ ಬೀಳುತ್ತದೆಯೇ, ಸಿಲಿಂಡರ್ ಹಿಂದೆ ಮುಂದೆ ಅಲುಗಾಡುತ್ತದೆಯೇ, ಬ್ಯಾರೆಲಿನ ಹಿಂತುದಿಯಲ್ಲಿ ಬಿರುಕಿದೆಯೇ, ಒಳಗೆ ಉಂಗುರದಂಥ ಉಬ್ಬಿದೆಯೇ ಎಂಬುದನ್ನು ನೋಡುತ್ತಾರೆ. ಕೋಣೆ ಬ್ಯಾರೆಲಿಗೆ ನೇರವಾಗಿ ನಿಲ್ಲದಿದ್ದರೆ ಗುಂಡಿನ ಸೀಸ ಕತ್ತರಿಸಿ ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರಿಗೆ ಅಪಾಯ. ಹಳೆಯ ಅನೇಕ ಮಾದರಿಗಳಲ್ಲಿ ನೆಲಕ್ಕೆ ಬಿದ್ದರೂ ಈಡು ಹಾರದಂತೆ ತಡೆಯುವ ಭದ್ರ ವ್ಯವಸ್ಥೆ ಇಲ್ಲ. ಅಂಥವಕ್ಕೆ ಐದು ತೋಟಾ ತುಂಬಿ ಹ್ಯಾಮರನ್ನು ಖಾಲಿ ಕೋಣೆಯ ಮೇಲೆ ಇಳಿಸುವುದು ರೂಢಿ.

ಉಕ್ಕಿನ ವಯಸ್ಸೂ ಮುಖ್ಯ. 19ನೆಯ ಶತಮಾನದ ರಿವಾಲ್ವರ್‌ಗಳು ಕಪ್ಪು ಮದ್ದಿಗೆಂದು ಮಾಡಿದವು. ಹೊಗೆರಹಿತ ಮದ್ದಿನ ತೋಟಾ ಅವಕ್ಕೆ ಸಲ್ಲದು. ಟ್ರಿಪಲ್ ಲಾಕಿನಂಥ 20ನೆಯ ಶತಮಾನದ ಮೊದಲ ದಶಕಗಳ ಸಿಲಿಂಡರುಗಳಿಗೆ ನಂತರದ ಕಾಲದ ಶಾಖ ಸಂಸ್ಕರಣೆ ಆಗಿಲ್ಲ. ಅವುಗಳಲ್ಲಿ ಬರೀ ಸೀಸದ ಗುಂಡು, ಮೆದು ತೋಟಾ ಮಾತ್ರ ಬಳಸುವುದು ವಿವೇಕ.

ತಪ್ಪು ತೋಟಾದಿಂದ ಆಗುವ ಕೇಡಿಗೆ ವೆಬ್ಲಿ ಮಾರ್ಕ್ 6 ತಕ್ಕ ಉದಾಹರಣೆ. ಎರಡನೆಯ ಮಹಾಯುದ್ಧದ ನಂತರ ಈ ರಿವಾಲ್ವರುಗಳು ಅಗ್ಗದ ಬೆಲೆಗೆ ಅಮೆರಿಕ ಸೇರಿದವು. ಅಲ್ಲಿ .455 ತೋಟಾ ಸುಲಭವಾಗಿ ಸಿಗುತ್ತಿರಲಿಲ್ಲ, .45ರ ಪಿಸ್ತೂಲು ತೋಟಾ ಎಲ್ಲೆಂದರಲ್ಲಿ ಸಿಗುತ್ತಿತ್ತು. ವರ್ತಕರು ಸಿಲಿಂಡರಿನ ಹಿಂಬದಿಯನ್ನು ಹೆರೆದು ಅರ್ಧಚಂದ್ರ ಕ್ಲಿಪ್‌ಗೆ ಜಾಗ ಮಾಡಿ ಮಾರಿದರು. ಆದರೆ ಪಿಸ್ತೂಲು ತೋಟಾದ ಒತ್ತಡ .455ರದಕ್ಕಿಂತ ಬಹಳ ಹೆಚ್ಚು. ಮೇಲ್ಭಾಗದ ಕೊಂಡಿಯೊಂದರ ಮೇಲೆ ನಿಂತ ರಿವಾಲ್ವರ್ ಅದನ್ನು ಒಂದೆರಡು ಬಾರಿ ತಾಳಿದರೂ ಬಳಕೆಯಲ್ಲಿ ಸಡಿಲಾಗುತ್ತದೆ, ಕೆಲವೊಮ್ಮೆ ಸಿಲಿಂಡರೇ ಸಿಡಿಯುತ್ತದೆ. ಹೆರೆಯದ ಸಿಲಿಂಡರುಳ್ಳ ಮಾರ್ಕ್ 6ಕ್ಕೆ ಇಂದು ಬೆಲೆ ಹೆಚ್ಚಲು ಇದೇ ಕಾರಣ. ಹೆರೆದದ್ದರಲ್ಲಿ ಹೊಡೆಯುವವರು ಮದ್ದು ಕಡಿಮೆ ಮಾಡಿ ತುಂಬಿದ ತೋಟಾಗಳನ್ನೇ ಬಳಸುತ್ತಾರೆ. ಅಪರೂಪದ ಹಳೆಯ ತೋಟಾಗಳಿಗೆ ಕವಚ ಕೂಡಿಟ್ಟು, ಸೀಸ ಎರಕ ಹೊಯ್ದು ತಾವೇ ತುಂಬಿಕೊಳ್ಳುವವರು ಅನೇಕರಿದ್ದಾರೆ. ಕಪ್ಪು ಮದ್ದು ಅಥವಾ ತುಕ್ಕು ತರುವ ಹಳೆಯ ಪ್ರೈಮರ್ ಬಳಸಿದ ದಿನವೇ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಾಕದಿದ್ದರೆ ಬ್ಯಾರೆಲಿನೊಳಗೆ ಗುಳಿ ಬೀಳುತ್ತದೆ.

ಈ ರಿವಾಲ್ವರ್‌ಗಳ ಕಾಲದ ಪೊಲೀಸರಿಗೆ ಕಲಿಸುತ್ತಿದ್ದದ್ದು ನೆಟ್ಟಗೆ ನಿಂತು, ಒಂದೇ ಕೈ ಚಾಚಿ ಗುರಿ ಹಿಡಿಯುವ ಭಂಗಿ. ಈ ಭಂಗಿಯಲ್ಲಿ ಹಳೆಯ ದೊಡ್ಡ ರಿವಾಲ್ವರ್ ಹಿಡಿದರೆ ಅದರ ವಿನ್ಯಾಸ ಅರ್ಥವಾಗುತ್ತದೆ. ಮುಂದಕ್ಕೆ ತೂಗುವ ಬ್ಯಾರೆಲ್ ಗುರಿಯನ್ನು ನಿಶ್ಚಲವಾಗಿಡುತ್ತದೆ; .455ರ ಭಾರದ ನಿಧಾನ ಗುಂಡು ಕೈಯನ್ನು ಚುರುಕಾಗಿ ಹೊಡೆಯುವ ಬದಲು ಮೆಲ್ಲನೆ ಹಿಂದಕ್ಕೆ ತಳ್ಳುತ್ತದೆ. ಹ್ಯಾಮರನ್ನು ಹೆಬ್ಬೆರಳಿಂದ ಎತ್ತಿ ಹೊಡೆದರೆ ಟ್ರಿಗರ್ ಹಗುರ. ಟ್ರಿಗರಿನಿಂದಲೇ ಸಿಲಿಂಡರ್ ತಿರುಗಿಸಿ ಹೊಡೆಯುವುದಾದರೆ ಎಳೆತ ಉದ್ದ, ಬಿಗಿ. ಹಳೆಯ ಆಯುಧದ ಕಚ್ಚುಗಳು ಉಳಿಯಬೇಕೆಂದರೆ ಮೊದಲ ಕ್ರಮವೇ ಒಳ್ಳೆಯದು.

ಕಾನೂನು

ಅಮೆರಿಕದ 1968ರ ಫೆಡರಲ್ ಕಾಯ್ದೆ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳನ್ನು ಪ್ರಾಚೀನವೆಂದು ಎಣಿಸುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬಂದ ಅಮೆರಿಕದ ಮಾದರಿಗಳು ಬಹುಮಟ್ಟಿಗೆ ಆ ಗೆರೆಯ ಈಚೆಗೆ ಬೀಳುತ್ತವೆ, ಪ್ರಾಚೀನವೆನಿಸುವುದಿಲ್ಲ. 50 ವರ್ಷ ದಾಟಿದ ಸಂಗ್ರಹಯೋಗ್ಯ ಆಯುಧಗಳಿಗೆ ಪ್ರತ್ಯೇಕ ಸಂಗ್ರಹಕಾರ ಪರವಾನಗಿ ಇದೆ. ಬ್ರಿಟನ್‌ನಲ್ಲಿ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಬಳಿಕ 1997ರ ಕಾಯ್ದೆ ಕೈಬಂದೂಕುಗಳನ್ನು ಹೆಚ್ಚುಕಡಿಮೆ ನಿಷೇಧಿಸಿತು. ಚಾರಿತ್ರಿಕ ಮಹತ್ವದವುಗಳಿಗೆ ಅದರ 7ನೆಯ ಕಲಮು ಕಿರಿದಾದ ದಾರಿ ಬಿಟ್ಟಿದೆ: 1919ಕ್ಕೆ ಮೊದಲಿನ ಕೆಲವನ್ನು ತೋಟಾ ಇಲ್ಲದೆ ಮನೆಯಲ್ಲಿ ಇಡಬಹುದು, ವಿಶೇಷ ಮಹತ್ವದ ಇನ್ನು ಕೆಲವನ್ನು ಗೊತ್ತುಪಡಿಸಿದ ಸ್ಥಳದಲ್ಲಿಟ್ಟು ಅಲ್ಲೇ ಹೊಡೆಯಬಹುದು. ಬಳಕೆ ತಪ್ಪಿದ ತೋಟಾಗಳ ಪ್ರಾಚೀನ ಆಯುಧಗಳಿಗೆ ಬೇರೆಯೇ ವಿನಾಯಿತಿ ಇದೆ. ಅಪರಾಧಿಗಳು ಅದನ್ನು ದುರ್ಬಳಕೆ ಮಾಡಿಕೊಂಡದ್ದರಿಂದ 2021ರ ನಿಯಮಗಳು .44 ರಷ್ಯನ್ ಸೇರಿದಂತೆ ಕೆಲವು ತೋಟಾಗಳನ್ನು ಆ ಪಟ್ಟಿಯಿಂದ ತೆಗೆದವು.

ಭಾರತ

ಬ್ರಿಟಿಷ್ ಭಾರತದ ಪೊಲೀಸ್ ವ್ಯವಸ್ಥೆಗೆ ಐರಿಷ್ ದಳವೇ ಒಂದು ಮಾದರಿ. 1843ರಲ್ಲಿ ಸಿಂಧ್ ಪ್ರಾಂತದಲ್ಲಿ ಚಾರ್ಲ್ಸ್ ನೇಪಿಯರ್ ಕಟ್ಟಿದ ಪೊಲೀಸ್ ಅದನ್ನು ನೋಡಿ ಮಾಡಿದ್ದು. ಆದರೆ ಆಯುಧದ ಹಂಚಿಕೆಯಲ್ಲಿ ಇಲ್ಲಿನ ರೀತಿ ಬೇರೆ. ರಿವಾಲ್ವರ್ ಅಧಿಕಾರಿಗಳ ಸೊಂಟಕ್ಕೆ, ಪೇದೆಯ ಕೈಗೆ ಲಾಠಿ, ಸಶಸ್ತ್ರ ಪೊಲೀಸರಿಗೆ .410ರ ಮಸ್ಕೆಟ್.

ಈ ಹಳೆಯ ಸರ್ಕಾರಿ ತೋಟಾಗಳ ನೆರಳು ಇಂದಿನ ಕಾನೂನಿನ ಮೇಲೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳಲ್ಲಿ .380, .455ರ ಅಂಚುಳ್ಳ ತೋಟಾ, ಸೇವಾ 9 ಮಿಲಿಮೀಟರ್ ಅಥವಾ .45ರ ಅಂಚಿಲ್ಲದ ತೋಟಾ ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್‌ಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. .410ರ ಮಸ್ಕೆಟ್ ಕೂಡ ಅದೇ ಪಟ್ಟಿಯಲ್ಲಿದೆ. ಸಾಮಾನ್ಯ ಪರವಾನಗಿದಾರ ಹೆಚ್ಚಾಗಿ .32ರ ರಿವಾಲ್ವರಿಗೆ ತೃಪ್ತನಾಗಬೇಕಾದದ್ದು ಇದರಿಂದ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿ ಮಾರ್ಕ್ 4ರ ವಿನ್ಯಾಸದ್ದೇ.

ಕಾಯ್ದೆಯ 45ನೆಯ ಕಲಮು ಬಳಕೆ ತಪ್ಪಿದ ಅಥವಾ ಪ್ರಾಚೀನ ಮೌಲ್ಯದ, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲಾಗದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ನಿಯಮಗಳಿಗೆ 2020ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ, ಕ್ಯೂರಿಯೊ (ಸಂಗ್ರಹಯೋಗ್ಯ ಹಳೆಯ ವಸ್ತು) ವರ್ಗಕ್ಕೆ ಸೇರಿದ ಸಣ್ಣ ಶಸ್ತ್ರಗಳನ್ನು ಭಾರತೀಯ ನಾಗರಿಕರು ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು ಅನುಮತಿಸಿತು. ಬಳಸಲು, ಹೊತ್ತೊಯ್ಯಲು, ಸಾಗಿಸಲು ಪರವಾನಗಿ ಬೇಕೇ ಬೇಕು. ಪರವಾನಗಿಯಲ್ಲಿ ನಮೂದಾಗದಿದ್ದರೆ ಅವಕ್ಕೆ ತೋಟಾ ಮಾರುವಂತಿಲ್ಲ. ಕ್ರೀಡಾ ಶೂಟಿಂಗಿನಲ್ಲೂ ದೊಡ್ಡ ಬೋರಿಗೆ ಜಾಗವಿಲ್ಲ. ಅಂತರರಾಷ್ಟ್ರೀಯ ನಿಯಮದ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆ 7.62ರಿಂದ 9.65 ಮಿಲಿಮೀಟರಿನವರೆಗಿನ ಬೋರಿಗೆ ಸೀಮಿತ. ಹೀಗೆ ಅಮೆರಿಕದಲ್ಲಿ ಒಂದೇ ಹವ್ಯಾಸದ ಎರಡು ಮುಖಗಳಾದ ಸಂಗ್ರಹ ಮತ್ತು ಶೂಟಿಂಗ್ ಭಾರತದಲ್ಲಿ ಬೇರೆ ಬೇರೆಯಾಗಿವೆ. ಅಜ್ಜನ ಕಾಲದ .455 ವೆಬ್ಲಿ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ವಾರಸುದಾರರು ಅದನ್ನು ಮುಟ್ಟಿ ಪರೀಕ್ಷಿಸುವ ಮೊದಲು ಜಿಲ್ಲಾಡಳಿತದ ಪರವಾನಗಿ ಶಾಖೆಗೆ ಅಥವಾ ಠಾಣೆಗೆ ತಿಳಿಸುವುದು ಕ್ಷೇಮ. ಅದು ವಿನಾಯಿತಿಗೆ ಸೇರುತ್ತದೆಯೇ ಎಂಬ ತೀರ್ಮಾನ ಮಾಲೀಕರದಲ್ಲ.